ಗದಗಿನಿಂದ ಹೊರಟ ದನಿ

(ಪರಿಗಿಯಲ್ಲಿ ಕಾರ್ಮಿಕ ಬಂಧುಗಳ ಸಂಜೆಯ ಕೂಟದಲ್ಲಿ ಆಡಿದ ಮಾತು)



ದಿನದ ದುಡಿಮೆ ಮುಗಿಸಿ, ಕೈಕಾಲು ತೊಳೆದುಕೊಂಡು ನೇರವಾಗಿ ಇಲ್ಲಿಗೆ ಬಂದಿದ್ದೀರಿ. ಹೆಚ್ಚು ಹೊತ್ತು ನಿಮ್ಮನ್ನು ಕೂರಿಸುವುದಿಲ್ಲ. ಹೊರನಾಡಿಗೆ ಹೋಗಿ ದೇಶವಿದೇಶಗಳಲ್ಲಿ ಹೆಸರು ಪಡೆದ ಗಾಯಕರೊಬ್ಬರ ವಿಷಯ ಹೇಳಿ, ನಮ್ಮ ಹುಡುಗರಿಗೆ ಉತ್ತೇಜನವಾಗಲಿ ಎಂದು ನನ್ನನ್ನು ಕೇಳಿದ್ದಾರೆ. ಪಂಡಿತ ಭೀಮಸೇನ ಜೋಶಿಯವರ ವಿಷಯ ಹೇಳಬೇಕೆಂದು ನಿಶ್ಚಯಿಸಿಕೊಂಡು ಬಂದಿದ್ದೇನೆ. ಆದರೆ ಉತ್ತೇಜನ ಎಂಬ ಮಾತಿನ ಬಗ್ಗೆ ನನಗೆ ಸ್ವಲ್ಪ ಅಂಜಿಕೆ ಇದೆ. ಯಾಕೆಂದರೆ ಈ ಕಥೆ ಪ್ರಾರಂಭವಾಗುವುದು ಹನ್ನೊಂದು ವರ್ಷದ ಹುಡುಗನೊಬ್ಬ ಮನೆಬಿಟ್ಟು ಓಡಿಹೋಗುವುದರಿಂದ. ನಮ್ಮ ಊರುಗಳಿಂದ ಮಕ್ಕಳು ಹಾಗೆ ಹೋಗುವುದನ್ನು ಕಂಡವರು ನಾವು. ಹಿಂದೂಪುರದಲ್ಲಿ ರೈಲು ಹತ್ತಿದರೆ ಬೆಂಗಳೂರು ಎಷ್ಟು ಹೊತ್ತು? ಮಳೆ ಕೈಕೊಟ್ಟ ವರ್ಷ ಕಡಲೆಕಾಯಿ ಹೊಲದಲ್ಲಿ ಕೆಲಸವಿಲ್ಲದಾಗ ಅಪ್ಪ ಅಮ್ಮ ಹೋಗುತ್ತಾರೆ, ಹಿಂದೆಯೇ ಮಕ್ಕಳೂ ಹೋಗುತ್ತಾರೆ. ಓಡಿಹೋದವನು ದೊಡ್ಡವನಾದ ಎಂದು ಹೇಳಿ ನಾನು ಇಳಿದುಬಿಟ್ಟರೆ ಅದು ಅರ್ಧ ಕಥೆ. ಆ ಹುಡುಗನಿಗೆ ದಾರಿಯಲ್ಲಿ ಅನ್ನ ಹಾಕಿದವರು ಯಾರು, ಅವನು ಏನು ಕೆಲಸ ಮಾಡಿದ, ಹುಡುಕಿಕೊಂಡು ಹೋದ ತಂದೆ ಏನು ಮಾಡಿದರು ಎಂಬುದೇ ನನಗೆ ಮುಖ್ಯವಾಗಿ ಕಂಡಿದೆ.

ಭೀಮಸೇನ ಜೋಶಿಯವರು ಹುಟ್ಟಿದ್ದು ೧೯೨೨ರ ಫೆಬ್ರುವರಿ ೪ರಂದು, ಈಗಿನ ಗದಗ ಜಿಲ್ಲೆಯಲ್ಲಿ. ತಂದೆ ಗುರುರಾಜ ಜೋಶಿಯವರು ಶಾಲಾ ಮಾಸ್ತರರು. ಮನೆಯಲ್ಲಿ ಒಟ್ಟು ಹದಿನಾರು ಮಕ್ಕಳು, ಇವರೇ ಹಿರಿಯರು. ಮಾಸ್ತರ ಸಂಬಳದಲ್ಲಿ ಅಷ್ಟು ಬಾಯಿಗಳಿಗೆ ಊಟ ಹೇಗೆ ಎಂಬುದನ್ನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಹುಡುಗನಿಗೆ ಚಿಕ್ಕಂದಿನಿಂದ ಒಂದು ಹುಚ್ಚು. ಬೀದಿಯಲ್ಲಿ ಭಜನೆಯ ಮೇಳ ಹೋದರೆ ಅದರ ಹಿಂದೆ ಹೋಗುವನು. ಮಸೀದಿಯ ಬಾಂಗು ಕೇಳಿದರೆ ಆ ಕಡೆ ಹೋಗುವನು. ನಡೆದು ನಡೆದು ದಣಿದಲ್ಲಿ ಮಲಗಿಬಿಡುವನು. ಮನೆಯವರು ಹುಡುಕಿ ಸಾಕಾಗಿ ಹೋದರು. ಕಡೆಗೆ ಮಾಸ್ತರರು ಒಂದು ಉಪಾಯ ಮಾಡಿದರಂತೆ: ಮಗನ ಅಂಗಿಯ ಮೇಲೆ 'ಜೋಶಿ ಮಾಸ್ತರರ ಮಗ' ಎಂದು ಬರೆದುಬಿಟ್ಟರು. ಕಂಡವರು ಓದಿಕೊಂಡು, ನಿದ್ದೆ ಹೋದ ಹುಡುಗನನ್ನು ಎತ್ತಿಕೊಂಡು ಬಂದು ಮನೆಗೆ ಮುಟ್ಟಿಸುತ್ತಿದ್ದರು. ಈ ಸಂಗತಿ ಓದಿದಾಗ ನಾನು ಮಾಸ್ತರರ ಜಾಣತನಕ್ಕಿಂತ ಆ ಊರಿನ ಜನರನ್ನು ಹೆಚ್ಚಾಗಿ ನೆನೆದೆ. ಅಂಗಿಯ ಮೇಲೆ ಏನೇ ಬರೆದಿದ್ದರೂ, ಓದಿ ಎತ್ತಿಕೊಳ್ಳುವವರು ಇರಬೇಕಲ್ಲ!

ಅಂಗಡಿಯೊಂದರಲ್ಲಿ ಆ ಹುಡುಗನ ಕಿವಿಗೆ ಒಂದು ಗ್ರಾಮೊಫೋನ್ ತಟ್ಟೆಯ ಹಾಡು ಬಿತ್ತು. ಅಬ್ದುಲ್ ಕರೀಮ್ ಖಾನರು ಝಿಂಝೋಟಿ ರಾಗದಲ್ಲಿ ಹಾಡಿದ ಠುಮ್ರಿ ಅದು. ಆ ಕಾಲದ ತಟ್ಟೆಯ ಒಂದು ಮಗ್ಗುಲಿನಲ್ಲಿ ಮೂರು ಮೂರೂವರೆ ನಿಮಿಷದ ಹಾಡು ಹಿಡಿಸುತ್ತಿತ್ತು, ಅಷ್ಟೇ. ಆ ಮೂರು ನಿಮಿಷವೇ ಅವನನ್ನು ಮನೆಯಿಂದ ಹೊರಗೆ ಎಳೆಯಿತು.

ಇಲ್ಲಿ ಅಬ್ದುಲ್ ಕರೀಮ್ ಖಾನರ ಬಗ್ಗೆಯೂ ಒಂದು ಮಾತು ಹೇಳಬೇಕು. ಅವರು ಉತ್ತರಪ್ರದೇಶದ ಕೈರಾನಾ ಎಂಬ ಊರಿನವರು. ಆ ಊರಿನಿಂದಲೇ ಅವರ ಪರಂಪರೆಗೆ ಕಿರಾಣಾ ಘರಾಣೆ ಎಂಬ ಹೆಸರು. ಹೊಟ್ಟೆಪಾಡಿಗೂ ವಿದ್ಯೆಗೂ ದಕ್ಷಿಣಕ್ಕೆ ಬಂದು, ಮೈಸೂರು ಅರಮನೆಯಲ್ಲಿ ಹಾಡಿ, ಮಿರಜದಲ್ಲಿ ನೆಲೆ ನಿಂತರು. ಬರುತ್ತಾ ಹೋಗುತ್ತಾ ಧಾರವಾಡ ಸೀಮೆಯ ಮಕ್ಕಳಿಗೆ ಕಲಿಸಿದರು. ಅವರಲ್ಲಿ ಕುಂದಗೋಳದ ರಾಮಭಾವು ಒಬ್ಬರು. ಮುಂದೆ ಸವಾಯಿ ಗಂಧರ್ವರೆಂದು ಪ್ರಸಿದ್ಧರಾದವರು. ಖಾನರು ಕಡೆಯುಸಿರೆಳೆದದ್ದೂ ಪ್ರಯಾಣದಲ್ಲಿಯೇ. ೧೯೩೭ರಲ್ಲಿ ಪಾಂಡಿಚೇರಿಗೆ ಹೋಗುವ ದಾರಿಯಲ್ಲಿ, ಮದರಾಸಿನಿಂದಾಚೆ ಸಿಂಗಪೆರುಮಾಳ್ ಕೋಯಿಲ್ ಎಂಬ ಚಿಕ್ಕ ರೈಲುನಿಲ್ದಾಣದಲ್ಲಿ. ಇಂದು ನಾವು 'ನಮ್ಮ ಧಾರವಾಡದ ಸಂಗೀತ' ಎಂದು ಹೆಮ್ಮೆಪಡುವುದರ ಒಂದು ದೊಡ್ಡ ಪಾಲು ಹೀಗೆ ವಲಸೆ ಬಂದ ಮನುಷ್ಯನೊಬ್ಬನ ಕೈಯಿಂದ ಬಂದದ್ದು. ಹೊರಗಿನಿಂದ ಬಂದವರು ನಮ್ಮ ಕೂಲಿ ಕಿತ್ತುಕೊಳ್ಳುತ್ತಾರೆ ಎಂದು ಬಯ್ಯುವ ಮಾತು ಬೆಂಗಳೂರಿನಲ್ಲಿ ನಿಮ್ಮ ಕಿವಿಗೂ ಬಿದ್ದಿರಬಹುದು. ಬಂದವರು ಏನನ್ನು ಹೊತ್ತು ತಂದಿದ್ದಾರೆ ಎಂಬ ಲೆಕ್ಕವನ್ನು ಸಾಮಾನ್ಯವಾಗಿ ಯಾರೂ ಇಡುವುದಿಲ್ಲ.

ಹುಡುಗ ಮನೆಬಿಟ್ಟಿದ್ದು ೧೯೩೩ರಲ್ಲಿ. ಊಟದ ಹೊತ್ತಿಗೆ ತುಪ್ಪದ ವಿಷಯಕ್ಕೆ ಮನೆಯಲ್ಲಿ ಮುನಿಸಿಕೊಂಡು ಎದ್ದ ಎಂದು ಹೇಳುತ್ತಾರೆ. ತುಪ್ಪ ಒಂದು ನೆವ. ಗುರು ಬೇಕು ಎಂಬ ಹಸಿವು ಮೊದಲೇ ಇತ್ತು. ಜೇಬಿನಲ್ಲಿ ಕಾಸಿಲ್ಲ, ಟಿಕೆಟ್ಟಿಲ್ಲ. ಉತ್ತರದ ಕಡೆ ಸಂಗೀತ ಇದೆ ಎಂದು ಕೇಳಿದ್ದ, ಉತ್ತರದ ಕಡೆ ಹೋಗುವ ರೈಲು ಹತ್ತಿದ. ಡಬ್ಬಿಯಲ್ಲಿ ಹಾಡಿದ. ಕೇಳಿದ ಪ್ರಯಾಣಿಕರು ಕೈಲಾದಷ್ಟು ಕೊಟ್ಟರು, ತಾವು ತಿನ್ನುವುದರಲ್ಲಿ ಪಾಲು ಹಾಕಿದರು. ಹಾಗೆ ಹಾಗೆ ಗ್ವಾಲಿಯರ್ ಮುಟ್ಟಿದ. ಅಲ್ಲಿ ಸರೋದ್ ವಾದಕ ಹಾಫಿಜ್ ಅಲಿ ಖಾನರ ಸಹಾಯದಿಂದ ಮಹಾರಾಜರ ಮಾಧವ ಸಂಗೀತ ಶಾಲೆಯಲ್ಲಿ ಜಾಗ ಸಿಕ್ಕಿತು. ನಿಂತ ನೀರಾಗಲಿಲ್ಲ. ದಿಲ್ಲಿ, ಲಕ್ನೋ, ರಾಂಪುರ, ಕಲಕತ್ತೆ ಎಂದು ಸುಮಾರು ಮೂರು ವರ್ಷ ಅಲೆದ.

ಕಲಕತ್ತೆಯಲ್ಲಿ ಆತ ಮನೆಗೆಲಸದ ಹುಡುಗನಾಗಿದ್ದ. ಪಹಾಡಿ ಸನ್ಯಾಲ್ ಎಂಬ ಪ್ರಸಿದ್ಧ ಸಿನೆಮಾ ನಟರ ಮನೆಯಲ್ಲಿ. ಊಟ ಸಿಗುತ್ತಿತ್ತು, ಮನೆಗೆ ಬಂದು ಹೋಗುವ ದೊಡ್ಡವರ ಹಾಡು ಬಾಗಿಲ ಮರೆಯಲ್ಲಿ ಕಿವಿಗೆ ಬೀಳುತ್ತಿತ್ತು. ಎಷ್ಟೋ ವರ್ಷಗಳ ಮೇಲೆ, ಭೀಮಸೇನರು ದೊಡ್ಡ ಗಾಯಕರಾಗಿ ಕಲಕತ್ತೆಯ ವೇದಿಕೆಯಲ್ಲಿ ಹಾಡಿದಾಗ ಆ ನಟರೂ ಕೇಳಲು ಬಂದಿದ್ದರಂತೆ. ಇವನೇ ನಮ್ಮ ಮನೆಯ ಆ ಹುಡುಗ ಎಂಬುದು ಅವರಿಗೆ ಗುರುತು ಸಿಗಲಿಲ್ಲವಂತೆ. ಭೀಮಸೇನರೇ ಹೇಳಿಕೊಂಡ ಮೇಲೆ ತಿಳಿಯಿತು.

ಈ ಪ್ರಸಂಗವನ್ನು ನಗುತ್ತಾ ಹೇಳುವವರಿದ್ದಾರೆ. ನನಗೆ ನಗು ಬರುವುದಿಲ್ಲ. ನಟರ ಮೇಲೆ ತಪ್ಪು ಹೊರಿಸುವುದಕ್ಕಲ್ಲ. ಅವರು ಅನ್ನ ಹಾಕಿದವರು. ಆದರೆ ಮನೆಗೆಲಸದ ಮಗುವಿನ ಮುಖವನ್ನು ನಾವು ಯಾರೂ ಸರಿಯಾಗಿ ನೋಡುವುದಿಲ್ಲ. ಹೋಟೆಲಿನಲ್ಲಿ ಮೇಜು ಒರೆಸುವ ಹುಡುಗನ ಮುಖ ಯಾರಿಗೆ ನೆನಪಿದೆ? ಅವನ ಗಂಟಲಲ್ಲಿ ಏನಿದೆ, ಕೈಬೆರಳಲ್ಲಿ ಏನಿದೆ ಎಂದು ಕೇಳಿದವರು ಯಾರು? ಭೀಮಸೇನರು ಹಾಡಿದ್ದರಿಂದ ಗುರುತಾಯಿತು. ಆ ವರ್ಷ, ಅದೇ ರೈಲುಗಳಲ್ಲಿ ಟಿಕೆಟ್ಟಿಲ್ಲದೆ ಹೋದ ಇನ್ನೆಷ್ಟು ಮಕ್ಕಳಿದ್ದರೋ! ಅವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಇದನ್ನು ಇಲ್ಲಿ ಕುಳಿತಿರುವ ಹುಡುಗರು ಕಿವಿಗೊಟ್ಟು ಕೇಳಬೇಕು.

ಕಡೆಗೆ ಪಂಜಾಬಿನ ಜಲಂಧರಕ್ಕೆ ಬಂದ. ಅಲ್ಲಿ ಮಂಗತರಾಮ ಎಂಬ ಕುರುಡ ಗಾಯಕರು ಧ್ರುಪದ ಹೇಳಿಕೊಡುತ್ತಿದ್ದರು, ಅವರ ಆಶ್ರಯದಲ್ಲಿ ಉಳಿದ. ಅಲ್ಲಿಯ ಸಂಗೀತೋತ್ಸವಕ್ಕೆ ಬಂದ ವಿನಾಯಕರಾವ್ ಪಟವರ್ಧನರು ಇವನನ್ನು ಕಂಡು, ನಿನ್ನ ಊರಿನ ಪಕ್ಕದಲ್ಲೇ ಸವಾಯಿ ಗಂಧರ್ವರಿರುವಾಗ ಇಲ್ಲಿಗೆ ಯಾಕಪ್ಪಾ ಬಂದೆ ಎಂದು ಕೇಳಿದರಂತೆ. ಗದಗಿನಿಂದ ಕುಂದಗೋಳ ಎಷ್ಟು ದೂರ? ಪರಿಗಿಯಿಂದ ಕಲ್ಯಾಣದುರ್ಗಕ್ಕೆ ಹೋದಷ್ಟೂ ಇಲ್ಲ. ಆ ಗುರುವನ್ನು ಹುಡುಕಿಕೊಂಡು ಹುಡುಗ ಪಂಜಾಬಿನವರೆಗೆ ಹೋಗಿದ್ದ.

ಇಷ್ಟರಲ್ಲಿ ತಂದೆ ಹುಡುಕಿಕೊಂಡು ಜಲಂಧರಕ್ಕೆ ಬಂದರು. ನಾನು ಈ ಜೀವನಚರಿತ್ರೆಯಲ್ಲಿ ಅತಿ ಹೆಚ್ಚು ಗೌರವಿಸುವ ವ್ಯಕ್ತಿ ಈ ಗುರುರಾಜ ಮಾಸ್ತರರು. ಮಗನನ್ನು ಎಳೆದುಕೊಂಡು ಬಂದು ಶಾಲೆಗೆ ಕೂಡಿಹಾಕಬಹುದಾಗಿತ್ತು. ಆ ಕಾಲಕ್ಕೆ ಹಾಡುವುದು ಮರ್ಯಾದಸ್ಥರ ಕಸುಬು ಎಂದು ಯಾರೂ ಒಪ್ಪುತ್ತಿರಲಿಲ್ಲ. ಅವರು ಹಾಗೆ ಮಾಡಲಿಲ್ಲ. ಮಗನಿಗೆ ಬೇಕಾದದ್ದು ಏನು ಎಂಬುದು ಈ ಮೂರು ವರ್ಷದಲ್ಲಿ ಅವರಿಗೂ ಮನವರಿಕೆಯಾಗಿತ್ತು. ೧೯೩೬ರಲ್ಲಿ ಕುಂದಗೋಳಕ್ಕೆ ಕಳುಹಿಸಿ ಸವಾಯಿ ಗಂಧರ್ವರ ಮನೆಯಲ್ಲಿ ಬಿಟ್ಟರು. ಮೊದಲ ಸಲ ಮುನಿಸಿಕೊಂಡು ಹೋದದ್ದು, ಎರಡನೆಯ ಸಲ ತಂದೆಯೇ ಕಳುಹಿಸಿದ್ದು. ಭೀಮಸೇನ ಜೋಶಿ ಎಂಬ ಗಾಯಕರನ್ನು ಮಾಡಿದ್ದು ಈ ಎರಡನೆಯ ಹೋಗುವಿಕೆ ಎಂದು ನನ್ನ ಅಭಿಪ್ರಾಯ. ಅಲೆದಾಟದಲ್ಲಿ ಏನೂ ಸಿಗಲಿಲ್ಲ ಎಂದಲ್ಲ, ನಾಲ್ಕು ಊರಿನ ಹಾಡು ಕಿವಿಯಲ್ಲಿ ಉಳಿಯಿತು. ಆದರೆ ಒಂದೆಡೆ ಕುಳಿತು ಕಲಿಯುವುದಕ್ಕೆ ಹಿರಿಯರ ಒಪ್ಪಿಗೆ ಬೇಕಾಗಿತ್ತು.

ಇನ್ನು ಕುಂದಗೋಳದ ವರ್ಷಗಳು. ಗುರುಗಳ ಮನೆಯಲ್ಲಿದ್ದು ಕಲಿಯುವುದೆಂದರೆ ಮೊದಲು ಮನೆಗೆಲಸ. ದೂರದಿಂದ ಕೊಡ ಹೊತ್ತು ನೀರು ತರುವುದು, ಗುಡಿಸುವುದು, ಹೇಳಿದ್ದು ಮಾಡುವುದು. ಬಹಳ ದಿನ ಪಾಠವೇ ಇರಲಿಲ್ಲ. ಪಾಠ ಶುರುವಾದ ಮೇಲೆಯೂ ಮೊದಮೊದಲ ವರ್ಷಗಳಲ್ಲಿ ತೋಡಿ, ಮುಲ್ತಾನಿ, ಪೂರಿಯಾ ಎಂಬ ಮೂರೇ ರಾಗಗಳು. ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು, ಸಂಜೆ ಒಂದು. ಅದೇ ಸ್ವರ, ಮತ್ತೆ ಅದೇ ಸ್ವರ. ಮಗ್ಗದ ಮುಂದೆ ಕುಳಿತವರಿಗೆ, ರೇಷ್ಮೆ ನೂಲು ತೆಗೆಯುವವರಿಗೆ ಇದು ಅರ್ಥವಾಗುತ್ತದೆ: ಕೈ ಪಳಗುವ ತನಕ ಒಂದೇ ಕೆಲಸವನ್ನು ಮಾಡುತ್ತಲೇ ಇರಬೇಕು, ಎಳೆ ತುಂಡಾದರೆ ಮತ್ತೆ ಕೂಡಿಸಬೇಕು. ಸಂಗೀತಗಾರರ ವಿಷಯದಲ್ಲಿ ಜನ 'ದೈವದತ್ತ ಕಂಠ' ಎಂದು ಹೇಳಿ ಸುಮ್ಮನಾಗುತ್ತಾರೆ. ಭೀಮಸೇನರ ಕಂಠ ಮೊದಲಿನಿಂದ ಅಷ್ಟು ಸುಕುಮಾರವೇನೂ ಆಗಿರಲಿಲ್ಲ. ಹೊಟ್ಟೆಯಿಂದ ಉಸಿರು ಎಳೆದು, ಮಂದ್ರದಿಂದ ತಾರಕದವರೆಗೆ ಒಂದೇ ತೂಕದಲ್ಲಿ ದನಿಯನ್ನು ನಿಲ್ಲಿಸುವುದು ಮೈಮುರಿದು ಗಳಿಸಿದ್ದು. ಅವರು ಹಾಡುವಾಗ ಕೈಗಳೂ ಹೆಗಲೂ ಹೇಗೆ ಆಡುತ್ತಿದ್ದವು ಎಂಬುದನ್ನು ಟೆಲಿವಿಷನ್ನಿನಲ್ಲಿ ನೋಡಿದ್ದೀರಲ್ಲ, ಭಾರ ಎತ್ತುವವನ ಹಾಗೆ.

ಅದೇ ಗುರುವಿನ ಬಳಿಗೆ ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಹೋಗುತ್ತಿದ್ದ ಶಿಷ್ಯೆ ಗಂಗೂಬಾಯಿ ಹಾನಗಲ್. ಅಂಬಿಗರ ಕುಲದಲ್ಲಿ ಹುಟ್ಟಿ, ಜಾತಿಯ ಅವಮಾನವನ್ನೂ ಹೆಣ್ಣು ಹಾಡಬಾರದೆಂಬ ನಿಂದೆಯನ್ನೂ ನುಂಗಿಕೊಂಡು ಕಲಿತರು. ಅವರ ಕಥೆ ಬೇರೊಂದು ಸಂಜೆಯ ಮಾತು. ಭೀಮಸೇನರಿಗೆ ಅವರು 'ಅಕ್ಕ' ಎಂದಷ್ಟೇ ಈಗ ಹೇಳುತ್ತೇನೆ.

ಕಲಿತ ಮೇಲೆ ಮತ್ತೆ ಹೊರಡಲೇಬೇಕಾಯಿತು. ಕುಂದಗೋಳದಲ್ಲಾಗಲಿ ಗದಗಿನಲ್ಲಾಗಲಿ ಹಾಡಿ ಹೊಟ್ಟೆ ತುಂಬುವಂತಿರಲಿಲ್ಲ. ಸುಮಾರು ಇಪ್ಪತ್ತನೆಯ ವಯಸ್ಸಿಗೆ ಎಚ್.ಎಂ.ವಿ. ಕಂಪನಿಯವರು ಅವರ ಮೊದಲ ತಟ್ಟೆಗಳನ್ನು ತಂದರು. ಕನ್ನಡ ಮತ್ತು ಹಿಂದಿ ಭಕ್ತಿಗೀತೆಗಳು. ೧೯೪೩ರಲ್ಲಿ ಮುಂಬಯಿಗೆ ಹೋಗಿ ರೇಡಿಯೋದಲ್ಲಿ ಹಾಡಿದರು. ೧೯೪೬ರಲ್ಲಿ ಗುರುಗಳ ಅರವತ್ತನೆಯ ವರ್ಷದ ಸಮಾರಂಭದಲ್ಲಿ ಅವರು ಹಾಡಿದ್ದನ್ನು ಕೇಳಿದ ಮೇಲೆ ಜನ ಕಿವಿ ನಿಮಿರಿಸಿದರು. ಆಮೇಲೆ ಪುಣೆಯಲ್ಲಿ ನೆಲೆಯೂರಿದರು, ಕಡೆಯವರೆಗೆ ಅಲ್ಲೇ ಇದ್ದರು.

ಪುಣೆಯಲ್ಲಿ ಅವರು ಪರಭಾಷೆಯವರು. ಮರಾಠಿ ಚೆನ್ನಾಗಿ ಬರುತ್ತಿತ್ತು, ಆದರೆ ಮಾತಿನಲ್ಲಿ ಕನ್ನಡದ ವಾಸನೆ ಹೋಗಿರಲಿಲ್ಲ. ನಮಗೆ ಇದು ಹೊಸದಲ್ಲ. ನಮ್ಮಲ್ಲಿ ಅನೇಕರ ಮನೆಯಲ್ಲಿ ಕನ್ನಡ, ಶಾಲೆಯಲ್ಲೂ ಕಚೇರಿಯಲ್ಲೂ ತೆಲುಗು. ೨೦೨೨ರಲ್ಲಿ ಜಿಲ್ಲೆಯ ಹೆಸರು ಬದಲಾಯಿತು. ಮನೆಯ ಮಾತು ಬದಲಾಗಲಿಲ್ಲ. ಬೆಂಗಳೂರಿಗೆ ಹೋದರೆ ನಿಮ್ಮ ಕನ್ನಡದಲ್ಲಿ ತೆಲುಗು ಇದೆ ಎನ್ನುತ್ತಾರೆ, ಅನಂತಪುರಕ್ಕೆ ಹೋದರೆ ನಿಮ್ಮ ತೆಲುಗಿನಲ್ಲಿ ಕನ್ನಡ ಇದೆ ಎನ್ನುತ್ತಾರೆ. ಭೀಮಸೇನರು ಈ ಇಕ್ಕಟ್ಟನ್ನು ಹೇಗೆ ದಾಟಿದರು ನೋಡಿ. ತುಕಾರಾಮ, ನಾಮದೇವ ಮೊದಲಾದ ಸಂತರ ಅಭಂಗಗಳನ್ನು ಶಾಸ್ತ್ರೀಯ ಸಂಗೀತದ ಗಟ್ಟಿತನ ಬಿಡದೆ, ಹೊಲದಲ್ಲಿ ದುಡಿಯುವವನಿಗೂ ಮುಟ್ಟುವ ಹಾಗೆ ಹಾಡಿದರು. 'ಸಂತವಾಣಿ' ಎಂದು ಆ ಕಾರ್ಯಕ್ರಮಗಳಿಗೆ ಹೆಸರು. ಮಹಾರಾಷ್ಟ್ರದ ಹಳ್ಳಿಹಳ್ಳಿಯಲ್ಲಿ ಬೆಳಗಿನ ಹೊತ್ತು ಅವರ ದನಿ ಕೇಳಿಸತೊಡಗಿತು. ಮರಾಠಿಗರು ಅವರನ್ನು ತಮ್ಮವರೆಂದರು. ಅದರ ಜೊತೆಗೆ ಪುರಂದರದಾಸರ ಪದಗಳನ್ನು ಕನ್ನಡದಲ್ಲಿ ಹಾಡುವುದನ್ನು ಬಿಡಲಿಲ್ಲ, ಅವು 'ದಾಸವಾಣಿ'. ಲಕ್ಷ್ಮಿಯನ್ನು ಮನೆಗೆ ಕರೆಯುವ ದಾಸರ ಪದವನ್ನು ಅವರ ದನಿಯಲ್ಲಿ ಕೇಳದ ಕನ್ನಡಿಗರು ವಿರಳ. ಒಂದು ಭಾಷೆಯನ್ನು ಎತ್ತುವುದಕ್ಕೆ ಇನ್ನೊಂದನ್ನು ಇಳಿಸಬೇಕಾಗಿಲ್ಲ ಎಂಬುದನ್ನು ಅವರು ಭಾಷಣ ಮಾಡಿ ಹೇಳಲಿಲ್ಲ, ಹಾಡಿ ಮುಗಿಸಿದರು.

ಆ ಸಂತರು ಯಾರೆಂಬುದನ್ನೂ ನೆನೆಯಬೇಕು. ನಾಮದೇವರು ದರ್ಜಿ ಕುಲದವರು, ಗೋರಾ ಕುಂಬಾರರು, ಸಾವತಾ ತೋಟಗಾರರು. ಚೋಖಾಮೇಳರು ಅಸ್ಪೃಶ್ಯರೆನಿಸಿಕೊಂಡವರು, ಮಂಗಳವೇಢೆಯಲ್ಲಿ ಗೋಡೆ ಕಟ್ಟುವ ಕೆಲಸದಲ್ಲಿದ್ದಾಗ ಗೋಡೆ ಕುಸಿದು ಸತ್ತರೆಂದು ಪರಂಪರೆ ಹೇಳುತ್ತದೆ. ಕಟ್ಟಡದ ಕೆಲಸಕ್ಕೆ ಹೋಗುವ ನಮ್ಮವರಿಗೆ ಇದು ಸುಮಾರು ಏಳುನೂರು ವರ್ಷ ಹಳೆಯ ಸುದ್ದಿ ಎನಿಸುವುದಿಲ್ಲ.

ಅವರು ಹಾಡುಗಾರರು ಮಾತ್ರವೋ, ರಚನಕಾರರೂ ಹೌದೋ ಎಂದು ಕೆಲವರು ಕೇಳುತ್ತಾರೆ. ಹಿಂದೂಸ್ತಾನಿ ಪದ್ಧತಿಯಲ್ಲಿ ಈ ಗೆರೆ ಅಷ್ಟು ಸ್ಪಷ್ಟವಲ್ಲ. ಖಯಾಲಿನಲ್ಲಿ ಸಾಹಿತ್ಯ ಎರಡು ನಾಲ್ಕು ಸಾಲು; ಉಳಿದುದನ್ನೆಲ್ಲ ಹಾಡುವವನೇ ಆ ಕ್ಷಣದಲ್ಲಿ ಕಟ್ಟುತ್ತಾ ಹೋಗಬೇಕು. ಅದಲ್ಲದೆ ಅವರು ಕಲಾವತಿ, ರಾಗೇಶ್ರೀ ಎರಡನ್ನೂ ಬೆಸೆದು 'ಕಲಾಶ್ರೀ' ಎಂಬ ರಾಗವನ್ನು ಮಾಡಿದರು. ಲಲಿತ, ಭಟಿಯಾರ ಎರಡನ್ನೂ ಕೂಡಿಸಿ ಹಾಡಿದರು. ಆದರೆ ಹೊಸದನ್ನು ಕಟ್ಟಿದ ಹಿರಿಮೆ ಎಂದರೆ, ನನ್ನ ಮನಸ್ಸಿಗೆ ಬರುವುದು ಅದೇ ಸೀಮೆಯಿಂದ ಹೋದ ಇನ್ನೊಬ್ಬರ ಹೆಸರು.

ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ ೧೯೨೪ರ ಏಪ್ರಿಲ್ ೮ರಂದು ಹುಟ್ಟಿದ ಶಿವಪುತ್ರ ಸಿದ್ಧರಾಮಯ್ಯ ಕೋಂಕಾಳಿಮಠ. ಕುಮಾರ ಗಂಧರ್ವ ಎಂದರೆ ಎಲ್ಲರಿಗೂ ಗೊತ್ತು. ಚಿಕ್ಕ ಮಗುವಾಗಿದ್ದಾಗಲೇ ಹಾಡಿ ಹೆಸರಾದವರು, ಮುಂಬಯಿಯಲ್ಲಿ ದೇವಧರ ಮಾಸ್ತರರ ಬಳಿ ಕಲಿತವರು. ಏರುವ ವಯಸ್ಸಿನಲ್ಲಿ ಕ್ಷಯ ಹಿಡಿಯಿತು. ೧೯೪೮ರಲ್ಲಿ ಒಣಹವೆಗಾಗಿ ಮಧ್ಯಪ್ರದೇಶದ ದೇವಾಸಕ್ಕೆ ಹೋದರು. ಹಾಡುವುದಿರಲಿ, ಮಾತನಾಡುವುದೂ ಬೇಡವೆಂದು ವೈದ್ಯರ ಆಜ್ಞೆ. ಗಾಯಕನಿಗೆ ಒಂದು ಶ್ವಾಸಕೋಶ ನಿಷ್ಪ್ರಯೋಜಕವಾಯಿತೆಂದರೆ ಬಡಗಿಗೆ ಕೈ ಹೋದಂತೆ. ಹಾಸಿಗೆಯಲ್ಲಿ ಮಲಗಿ, ಬೀದಿಯಲ್ಲಿ ಹೋಗುವ ಮಾಳವದ ಹಳ್ಳಿಗರ ಹಾಡುಗಳನ್ನು, ಹೆಂಗಸರ ಹಾಡುಗಳನ್ನು ಕೇಳುತ್ತಾ ದಿನ ಕಳೆದರು. ಸ್ಟ್ರೆಪ್ಟೊಮೈಸಿನ್ ಔಷಧ ಬಂದು ಜೀವ ಉಳಿಯಿತು. ಸುಮಾರು ಐದು ವರ್ಷದ ಮೌನದ ನಂತರ, ೧೯೫೩ರ ಹೊತ್ತಿಗೆ ವೇದಿಕೆಗೆ ಬಂದಾಗ ದೀರ್ಘ ಉಸಿರು ಇರಲಿಲ್ಲ. ಇದ್ದ ಉಸಿರಿಗೆ ತಕ್ಕಂತೆ ಚಿಕ್ಕ ಚಿಕ್ಕ ತುಣುಕುಗಳಲ್ಲಿ ಹಾಡುವ ರೀತಿಯೊಂದನ್ನು ಕಟ್ಟಿಕೊಂಡರು. ಹಾಸಿಗೆಯಲ್ಲಿ ಕೇಳಿದ ಜಾನಪದ ಮಟ್ಟುಗಳಿಂದ ಹೊಸ ರಾಗಗಳನ್ನು ಮಾಡಿದರು. ೧೯೯೨ರ ಜನವರಿ ೧೨ರಂದು ದೇವಾಸದಲ್ಲೇ ತೀರಿಕೊಂಡರು. ಕಲ್ಲುಪುಡಿಯ ನಡುವೆ, ಹತ್ತಿಯ ಧೂಳಿನ ನಡುವೆ ಕೆಲಸ ಮಾಡಿ ಎದೆ ಕೆಡಿಸಿಕೊಂಡವರು ಈ ಸಭೆಯಲ್ಲೂ ಇದ್ದೀರಿ. ಕೆಮ್ಮು ಎರಡು ವಾರ ದಾಟಿದರೆ ಕಫ ಪರೀಕ್ಷೆ ಮಾಡಿಸಿ. ಸರ್ಕಾರಿ ಆಸ್ಪತ್ರೆಯಲ್ಲಿ ಈ ರೋಗಕ್ಕೆ ಔಷಧ ಪುಕ್ಕಟೆ. ಸಂಗೀತದ ಮಾತಿನಲ್ಲಿ ಇದು ಯಾಕೆ ಬಂತು ಎನ್ನಬೇಡಿ, ಬರಬೇಕಾದ ಕಡೆಯೇ ಬಂದಿದೆ.

ಭೀಮಸೇನರಿಗೆ ಮರಳುತ್ತೇನೆ. ಅಮೆರಿಕ, ಕೆನಡಾ, ಯೂರೋಪಿನ ದೇಶಗಳಲ್ಲಿ ಅವರು ಹಾಡಿದರು. ನ್ಯೂಯಾರ್ಕ್ ನಗರದಲ್ಲಿ ಭಿತ್ತಿಪತ್ರ ಹಚ್ಚಿ ಕಚೇರಿಯನ್ನು ಸಾರಿದ ಮೊದಲ ಭಾರತೀಯ ಸಂಗೀತಗಾರರು ಇವರೇ ಎಂದು ಹೇಳುವುದುಂಟು. ಒಂದು ರಾತ್ರಿ ಒಂದೂರು, ಮರುರಾತ್ರಿ ಮತ್ತೊಂದೂರು ಎಂದು ವಿಮಾನದಲ್ಲಿ ಹಾರಾಡುತ್ತಿದ್ದುದರಿಂದ ಗೆಳೆಯರು ಅವರನ್ನು 'ಹವಾಯಿ ಗಂಧರ್ವ' ಎಂದು ಚೇಷ್ಟೆ ಮಾಡುತ್ತಿದ್ದರಂತೆ. ಟಿಕೆಟ್ಟಿಲ್ಲದೆ ರೈಲು ಹತ್ತಿದ ಹುಡುಗನಿಗೆ ಕಾರಿನ ಮೇಲೆ ಬಲು ಪ್ರೀತಿ. ತಾವೇ ಓಡಿಸುತ್ತಿದ್ದರು, ಕೆಟ್ಟರೆ ಬಾನೆಟ್ ಎತ್ತಿ ತಾವೇ ನೋಡುತ್ತಿದ್ದರು. ಪ್ರಶಸ್ತಿಗಳ ಪಟ್ಟಿ ಉದ್ದ. ೧೯೭೨ರ ಪದ್ಮಶ್ರೀಯಿಂದ ಹಿಡಿದು ೨೦೦೮ರ ಭಾರತರತ್ನದವರೆಗೆ ಎಂದರೆ ಸಾಕು.

ನಮಗೆ ಇನ್ನೂ ಹತ್ತಿರವಾದದ್ದು ಬೇರೆ ಇದೆ. ೧೯೬೬ರಲ್ಲಿ ರಾಜಕುಮಾರ್ ನಟಿಸಿದ 'ಸಂಧ್ಯಾರಾಗ' ಚಿತ್ರ ಬಂತು, ಅ.ನ.ಕೃ. ಅವರ ಕಾದಂಬರಿ, ಸಂಗೀತಗಾರನೊಬ್ಬನ ಕಥೆ. ಅದರಲ್ಲಿ ಭೀಮಸೇನರೂ ಹಾಡಿದರು, ಬಾಲಮುರಳೀಕೃಷ್ಣರೂ ಹಾಡಿದರು. ಒಬ್ಬರು ಗದಗಿನವರು, ಪುಣೆಗೆ ಹೋದವರು. ಇನ್ನೊಬ್ಬರು ಗೋದಾವರಿ ಸೀಮೆಯ ಶಂಕರಗುಪ್ತಂ ಎಂಬ ಹಳ್ಳಿಯ ತೆಲುಗರು, ಮದರಾಸಿಗೆ ಹೋದವರು. ಬಾಲಮುರಳೀಕೃಷ್ಣರು ನೂರಾರು ಕೃತಿಗಳನ್ನು ರಚಿಸಿ, ನಾಲ್ಕೇ ಸ್ವರಗಳ ರಾಗಗಳನ್ನು ಹಾಡಿ ಪಂಡಿತರ ಕೋಪವನ್ನೂ ಕಟ್ಟಿಕೊಂಡರು. ೨೦೦೫ರಲ್ಲಿ ಫ್ರಾನ್ಸ್ ದೇಶದ ಸರ್ಕಾರ ಅವರನ್ನು ಗೌರವಿಸಿತು. ಮುಂದೆ ೧೯೮೮ರ ಆಗಸ್ಟ್ ೧೫ರಂದು ದೂರದರ್ಶನದಲ್ಲಿ ಹಲವು ಭಾಷೆಗಳ ಒಂದು ಹಾಡು ಬಂತಲ್ಲ, ನಮ್ಮ ವಯಸ್ಸಿನವರಿಗೆಲ್ಲ ನೆನಪಿದೆ. ಅದನ್ನು ಎತ್ತಿಕೊಟ್ಟ ಮೊದಲ ದನಿ ಭೀಮಸೇನರದು. ಬಾಲಮುರಳಿಯವರೂ ಅದರಲ್ಲಿದ್ದರು. ಇಡೀ ದೇಶಕ್ಕೆ ಹಾಡು ಎತ್ತಿಕೊಡಲು ಆರಿಸಿದ್ದು ಹಿಂದಿ ಮನೆಮಾತಲ್ಲದವನನ್ನು ಎಂಬುದು ಆಗ ಯಾರಿಗೂ ವಿಚಿತ್ರವಾಗಿ ಕಾಣಲಿಲ್ಲ. ಅದು ನನಗೆ ಸಂತೋಷದ ಸಂಗತಿ.

ಹೊಗಳಿಕೆಯ ನಡುವೆ ಒಂದು ಸತ್ಯವನ್ನು ಮುಚ್ಚಿಡುವುದು ಸರಿಯಲ್ಲ. ಭೀಮಸೇನರಿಗೆ ಕುಡಿತದ ಚಟವಿತ್ತು. ರಾತ್ರಿಯೆಲ್ಲ ಕಚೇರಿ, ಹಗಲೆಲ್ಲ ಪ್ರಯಾಣ, ಸುತ್ತ ಹೊಗಳುವವರು. ಕೆಲವು ಕಚೇರಿಗಳು ಕುಡಿತದಿಂದ ಕೆಟ್ಟವು, ಕಾದು ಕುಳಿತವರು ನಿರಾಶರಾಗಿ ಎದ್ದುಹೋದರು. ಮನೆಯವರು ಪಟ್ಟ ಪಾಡು ಬೇರೆ. ಎಪ್ಪತ್ತರ ದಶಕದ ಕಡೆಯ ಹೊತ್ತಿಗೆ ಬಿಟ್ಟರು. ಬಿಟ್ಟ ಮೇಲೆ ಮೂವತ್ತು ವರ್ಷ ಬದುಕಿದರು, ಹಾಡಿದರು. ಸಂಬಳದ ದಿನ ಸಂಜೆ ನಮ್ಮ ಬೀದಿಗಳಲ್ಲಿ ಏನು ನಡೆಯುತ್ತದೆ ಎಂಬುದನ್ನು ಇಲ್ಲಿರುವ ತಾಯಂದಿರು ನನಗಿಂತ ಚೆನ್ನಾಗಿ ಬಲ್ಲರು. ದೊಡ್ಡ ಕಲಾವಿದನೆಂದರೆ ಕುಡಿಯಲೇಬೇಕು ಎಂದು ವಾದಿಸುವ ಪಡ್ಡೆ ಹುಡುಗರಿಗೆ ಈ ಮೂವತ್ತು ವರ್ಷದ ಲೆಕ್ಕ ಹೇಳಿ.

ಇನ್ನೊಂದು ವಿಷಯ ಹೇಳಿ ನಿಲ್ಲಿಸುತ್ತೇನೆ. ಸವಾಯಿ ಗಂಧರ್ವರು ೧೯೫೨ರಲ್ಲಿ ತೀರಿಕೊಂಡರು. ಮರುವರ್ಷವೇ, ೧೯೫೩ರಲ್ಲಿ, ಅವರ ಹೆಸರಿನಲ್ಲಿ ಪುಣೆಯಲ್ಲಿ ಸಂಗೀತೋತ್ಸವ ಶುರುವಾಯಿತು. ಅದನ್ನು ಹೊತ್ತು ಬೆಳೆಸಿದವರಲ್ಲಿ ಭೀಮಸೇನರು ಮುಖ್ಯರು. ಉತ್ಸವದ ದಿನ ಅವರು ದೊಡ್ಡ ಗಾಯಕರಂತೆ ಕಡೆಗೆ ಬಂದು ಹಾಡಿ ಹೋಗುವವರಲ್ಲ. ಹಾಸು ಹಾಸುವುದರಿಂದ ಹಿಡಿದು ಬಂದ ಕಲಾವಿದರ ಊಟ ವಸತಿಯವರೆಗೆ ನೋಡಿಕೊಳ್ಳುತ್ತಿದ್ದರು. ಗುರುಮನೆಯಲ್ಲಿ ನೀರು ಹೊತ್ತವರಿಗೆ ಅದೇನು ಹೊಸ ಕೆಲಸವಾಗಿರಲಿಲ್ಲ. ಹೆಸರು ಗೊತ್ತಿಲ್ಲದ ಚಿಕ್ಕ ವಯಸ್ಸಿನ ಹಾಡುಗಾರರು ಆ ವೇದಿಕೆಯ ಮೇಲೆ ಕುಳಿತು ಹಾಡಿ ಮುಂದೆ ಬಂದರು. ಅವರಲ್ಲಿ ಎಷ್ಟೋ ಮಂದಿ ದೂರದ ಊರುಗಳಿಂದ ಬಂದವರು. ೨೦೦೭ರಲ್ಲಿ, ಎಂಬತ್ತೈದರ ವಯಸ್ಸಿನಲ್ಲಿ, ದೇಹ ಸೋತಿದ್ದರೂ ಅದೇ ಉತ್ಸವದಲ್ಲಿ ಬಂದು ಹಾಡಿದರು. ೨೦೧೧ರ ಜನವರಿ ೨೪ರಂದು ಪುಣೆಯಲ್ಲಿ ತೀರಿಕೊಂಡರು.

ಹುಡುಗರೇ, ನಿಮ್ಮಲ್ಲಿ ಯಾರಿಗಾದರೂ ಹಾಡಬೇಕು, ಬಾರಿಸಬೇಕು ಎಂಬ ಆಸೆ ಇದ್ದರೆ ಮನೆಯಲ್ಲಿ ಹೇಳಿ. ಹೇಳಲು ಅಂಜಿಕೆಯಾದರೆ ನನಗೆ ಹೇಳಿ, ನಾನು ಬಂದು ನಿಮ್ಮ ಅಪ್ಪನ ಹತ್ತಿರ ಮಾತಾಡುತ್ತೇನೆ. ಹಿಂದೂಪುರದಲ್ಲಿ ಹಾರ್ಮೋನಿಯಂ ಹೇಳಿಕೊಡುವವರಿದ್ದಾರೆ, ತಬಲಾ ಹೇಳಿಕೊಡುವವರಿದ್ದಾರೆ; ಪಂಜಾಬಿನವರೆಗೆ ಹೋಗುವುದು ಬೇಡ. ಬೆಂಗಳೂರಿಗೆ ಕೆಲಸಕ್ಕೆ ಹೋಗುವ ಅಣ್ಣಂದಿರೇ, ಯಶವಂತಪುರದ ಪ್ಲಾಟ್‌ಫಾರಂ ಮೇಲೆ ಒಂಟಿಯಾಗಿ ಮಲಗಿದ ಮಗು ಕಂಡರೆ ಎಬ್ಬಿಸಿ ಊರು ಕೇಳಿ. ಮಕ್ಕಳ ಸಹಾಯವಾಣಿಯ ನಂಬರು ೧೦೯೮, ಫೋನಿಗೆ ದುಡ್ಡು ಬೀಳುವುದಿಲ್ಲ.

ಈಗ ಎರಡು ಹಾಡು ಕೇಳೋಣ. ಫೋನಿನಲ್ಲಿ ಇಳಿಸಿಕೊಂಡು ತಂದಿದ್ದೇನೆ, ಆ ಸ್ಪೀಕರಿಗೆ ಜೋಡಿಸಿಕೊಡಿ. ಮೊದಲು ಅಬ್ದುಲ್ ಕರೀಮ್ ಖಾನರ ಆ ಮೂರು ನಿಮಿಷದ ತಟ್ಟೆ. ಹಳೆಯದು, ಸ್ವಲ್ಪ ಕರಕರ ಎನ್ನುತ್ತದೆ, ಸೈರಿಸಿಕೊಳ್ಳಿ. ಅದಾದ ಮೇಲೆ ಭೀಮಸೇನರ ಪೂರಿಯಾ. ಅದು ಸಂಜೆಯ ರಾಗ, ಹೊತ್ತಿಗೆ ಸರಿಹೋಗುತ್ತದೆ. ಕಡೆಯ ಬಸ್ಸಿಗೆ ಹೋಗಬೇಕಾದವರು ನಡುವೆಯೇ ಎದ್ದು ಹೋದರೆ ಯಾರೂ ತಪ್ಪು ತಿಳಿಯುವುದಿಲ್ಲ.